ಹರಿದ ರಾಷ್ಟ್ರಧ್ವಜವನ್ನು ಸುಟ್ಟರೆ ಜೈಲೇ?

ಪ್ರಶ್ನೆ: ಮನೆಯ ಮೇಲೆ ಹಾರಿಸಿದ್ದ ರಾಷ್ಟ್ರಧ್ವಜ ಗಾಳಿ ಮಳೆಗೆ ಸಿಕ್ಕಿ ಅಂಚು ಹರಿದಿದೆ, ಬಣ್ಣ ಮಾಸಿದೆ. ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ. ಸುಟ್ಟರೆ ಅಪರಾಧ ಎನ್ನುತ್ತಾರೆ. ಏನು ಮಾಡಬೇಕು?

ಸುಡಿ. ಹಿತ್ತಲಿನಲ್ಲಿ, ನಾಲ್ಕು ಜನರ ಕಣ್ಣಿಗೆ ಬೀಳದ ಹಾಗೆ, ಇಡೀ ಧ್ವಜವನ್ನು ಒಟ್ಟಿಗೇ ಸುಡಿ.

ಪ್ರಶ್ನೆ ಕೇಳಿದವರಿಗೆ ಉತ್ತರ ಇಲ್ಲಿಗೇ ಮುಗಿಯಿತು. ಆದರೆ ಸ್ವಾತಂತ್ರ್ಯ ದಿನಾಚರಣೆ ಮುಗಿದ ಮರುವಾರವೇ ಈ ಪ್ರಶ್ನೆ ಬರುತ್ತದೆ, ನಾನು ಇದೇ ಉತ್ತರ ಕೊಡುತ್ತೇನೆ, ಕೊಟ್ಟ ಕೂಡಲೇ ‘ಓದುಗರನ್ನು ಜೈಲಿಗೆ ಕಳಿಸಬೇಕೆಂದಿದ್ದೀರಾ?’ ಎಂಬ ಆಕ್ಷೇಪವೂ ತಪ್ಪದೆ ಬರುತ್ತದೆ. ಆಕ್ಷೇಪಿಸುವವರ ಕೈಯಲ್ಲಿ ಇರುವುದು ಮೊಬೈಲಿನಲ್ಲಿ ಬಂದ ಒಂದು ಸಂದೇಶ. ‘ರಾಷ್ಟ್ರಧ್ವಜ ಸುಟ್ಟರೆ ಮೂರು ವರ್ಷ ಜೈಲು.’ ಈ ಅರ್ಧ ವಾಕ್ಯ ಸುಳ್ಳಲ್ಲ, ಆದ್ದರಿಂದಲೇ ಇದು ಸಾಯುವುದೂ ಇಲ್ಲ. ಉಳಿದರ್ಧವನ್ನು ಈ ಸಲ ನಿಧಾನವಾಗಿ ಓದೋಣ.

ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ ಬಂದದ್ದು 1971ರಲ್ಲಿ. ಧ್ವಜವನ್ನು ಸುಡುವುದು, ವಿರೂಪಗೊಳಿಸುವುದು, ತುಳಿಯುವುದು ಎಲ್ಲಕ್ಕೂ ಅದರಲ್ಲಿ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಉಂಟು. ಆದರೆ ಆ ಸೆಕ್ಷನ್ ಆರಂಭವಾಗುವುದೇ ‘ಸಾರ್ವಜನಿಕ ಸ್ಥಳದಲ್ಲಿ ಅಥವಾ ಸಾರ್ವಜನಿಕರಿಗೆ ಕಾಣುವಂತಹ ಬೇರಾವುದೇ ಸ್ಥಳದಲ್ಲಿ’ ಎಂಬ ಷರತ್ತಿನಿಂದ. ಸಂದೇಶ ಬರೆದ ಪುಣ್ಯಾತ್ಮ ಕೈಬಿಟ್ಟದ್ದು ಇದೇ ಷರತ್ತನ್ನು. ನಡುರಸ್ತೆಯಲ್ಲಿ ನಿಂತು ಘೋಷಣೆ ಕೂಗುತ್ತ ಧ್ವಜಕ್ಕೆ ಬೆಂಕಿ ಇಡುವವನನ್ನು ಹಿಡಿಯಲು ಮಾಡಿದ ಕಾಯ್ದೆ ಅದು. ಹರಿದ ಧ್ವಜವನ್ನು ಮರ್ಯಾದೆಯಿಂದ ಕಳುಹಿಸಿಕೊಡಲು ಒದ್ದಾಡುವ ಗೃಹಸ್ಥರ ಮೇಲೆ ಅದಕ್ಕೆ ಕಣ್ಣಿಲ್ಲ.

ಇನ್ನು, ಹಾಳಾದ ಧ್ವಜಕ್ಕೆ ಏನು ಮಾಡಬೇಕು ಎಂಬುದನ್ನು 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆ ನೇರವಾಗಿಯೇ ಹೇಳಿದೆ. ಹರಿದ ಅಥವಾ ಕೊಳೆಯಾದ ಧ್ವಜವನ್ನು ಹಾರಿಸಕೂಡದು, ಎಲ್ಲೆಂದರಲ್ಲಿ ಎಸೆಯಲೂಬಾರದು. ಖಾಸಗಿಯಾಗಿ, ಇಡಿಯಾಗಿ ನಾಶಪಡಿಸಬೇಕು. ಸುಡುವುದು ಉತ್ತಮ, ಅಥವಾ ಧ್ವಜದ ಘನತೆಗೆ ಒಪ್ಪುವ ಬೇರೆ ವಿಧಾನವೂ ಆದೀತು. ಬೆಂಕಿಯನ್ನು ಮೊದಲ ಆಯ್ಕೆಯಾಗಿ ಹೆಸರಿಸಿರುವುದು ಸರ್ಕಾರದ ಸಂಹಿತೆಯೇ. ಇದಕ್ಕಿಂತ ಬಿಡಿಸಿ ಹೇಳುವುದು ನನ್ನಿಂದಾಗದು.

ಇಷ್ಟು ಸ್ಪಷ್ಟವಿದ್ದೂ ಭಯ ಹೋಗದಿರಲು ಇನ್ನೊಂದು ಕಾರಣವಿರಬೇಕೆಂದು ನನ್ನ ಗುಮಾನಿ. ಹುತಾತ್ಮ ಯೋಧರ ಅಂತ್ಯಕ್ರಿಯೆಯನ್ನು ಟಿ.ವಿ.ಯಲ್ಲಿ ನಾವೆಲ್ಲ ನೋಡಿದ್ದೇವೆ. ಕೇಸರಿ ಪಟ್ಟಿ ತಲೆಯ ಕಡೆಗೆ ಬರುವಂತೆ ಶವಪೆಟ್ಟಿಗೆಯ ಮೇಲೆ ಧ್ವಜ ಹೊದಿಸಿರುತ್ತಾರೆ. ಚಿತೆಗೆ ಬೆಂಕಿ ಕೊಡುವ ಮೊದಲು ಅದನ್ನು ತೆಗೆದು, ಮಡಿಸಿ, ಕುಟುಂಬದವರ ಕೈಗೆ ಕೊಡುತ್ತಾರೆ. ಧ್ವಜವನ್ನು ಗುಂಡಿಗೆ ಇಳಿಸಕೂಡದು, ಚಿತೆಯಲ್ಲಿ ಸುಡಕೂಡದು ಎಂದು ಸಂಹಿತೆಯಲ್ಲೇ ಇದೆ. ಅದನ್ನು ನೋಡಿದವರು ‘ಧ್ವಜಕ್ಕೆ ಬೆಂಕಿ ತಾಗಲೇಬಾರದು’ ಎಂದು ತೀರ್ಮಾನಿಸಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿರುವುದು ಹಾರಿಸಲು ಯೋಗ್ಯವಾದ ಧ್ವಜ. ನಿಮ್ಮ ಮನೆಯಲ್ಲಿರುವುದು ಆಯುಷ್ಯ ಮುಗಿದದ್ದು.

ಬೆಂಕಿಗೆ ಹೆದರಿ ಜನ ಹುಡುಕಿಕೊಳ್ಳುವ ಪರಿಹಾರಗಳೇ ಹೆಚ್ಚು ಅಪಾಯದವು. ಕೆಲವರು ಹೊಳೆಗೆ ಬಿಡುತ್ತಾರೆ, ಗಣಪತಿಯನ್ನು ಬಿಟ್ಟ ಹಾಗೆ. ಉದ್ದೇಶಪೂರ್ವಕವಾಗಿ ಧ್ವಜ ನೆಲಕ್ಕೆ ತಾಗುವಂತೆ ಅಥವಾ ನೀರಿನಲ್ಲಿ ಎಳೆದಾಡುವಂತೆ ಮಾಡುವುದನ್ನು ಅದೇ 1971ರ ಕಾಯ್ದೆ ಅಗೌರವದ ಪಟ್ಟಿಗೆ ಸೇರಿಸಿದೆ. ಹರಿಯುವ ಹೊಳೆಯೋ, ಎಲ್ಲರಿಗೂ ಕಾಣುವ ಜಾಗ. ಇನ್ನು ಕೆಲವರು ಕತ್ತರಿ ಹಿಡಿದು ಮೂರು ಬಣ್ಣವನ್ನು ಬೇರ್ಪಡಿಸಿ, ‘ಈಗ ಇದು ಧ್ವಜವೇ ಅಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಇಡಿಯಾಗಿ ಎಂಬ ಮಾತು ಸಂಹಿತೆಯಲ್ಲಿ ಇರುವುದು ಇಂಥ ಜಾಣತನಕ್ಕೆ ಅವಕಾಶ ಇರದಿರಲೆಂದೇ.

ಒಂದು ತೊಡಕು ಮಾತ್ರ ನಿಜ. 2021ರ ಡಿಸೆಂಬರ್ ಕೊನೆಯಲ್ಲಿ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಒಪ್ಪಿಗೆ ಕೊಟ್ಟರು. ಮರುವರ್ಷದ ‘ಹರ್ ಘರ್ ತಿರಂಗಾ’ ಅಭಿಯಾನದಲ್ಲಿ ಮನೆ ಮನೆಗೆ ಅವೇ ತಲುಪಿದವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಖಾದಿ ಧ್ವಜ ಹೊತ್ತಿಕೊಂಡರೆ ಹಗುರವಾದ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಹಾಗಲ್ಲ: ಸುರುಟಿಕೊಳ್ಳುತ್ತದೆ, ಕರಗಿ ತೊಟ್ಟಿಕ್ಕುತ್ತದೆ, ಮೂಗು ಮುಚ್ಚಿಕೊಳ್ಳುವಂಥ ಕಪ್ಪು ಹೊಗೆ ಬಿಡುತ್ತದೆ, ಕೊನೆಗೆ ಗಟ್ಟಿ ಉಂಡೆಯಾಗಿ ನೆಲಕ್ಕೆ ಅಂಟುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಅಂಥದ್ದನ್ನು ಅಂದವಾಗಿ ಮಡಿಸಿ, ಶುಭ್ರ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಮೂಲೆಯಲ್ಲಿ ಆಳವಾಗಿ ಹೂಳುವುದೇ ವಾಸಿ. ಘನತೆಗೆ ಒಪ್ಪುವ ವಿಧಾನ ಎಂಬುದರಲ್ಲಿ ಅದಕ್ಕೆ ಜಾಗವಿದೆ. ಶ್ರೀಗಂಧದ ಪೆಟ್ಟಿಗೆಯೇ ಬೇಕು ಎಂಬುದು ಯಾರದೋ ಕಲ್ಪನೆ. ಮಕ್ಕಳು ಬೀಸುವ ಕಾಗದದ ಧ್ವಜಗಳಿಗೂ ಕಾರ್ಯಕ್ರಮ ಮುಗಿದ ಮೇಲೆ ಇದೇ ಮರ್ಯಾದೆ ಸಲ್ಲಬೇಕು. ಶಾಲೆಯ ಮೈದಾನದಲ್ಲಿ ಬಿಟ್ಟುಬರುವಂತಿಲ್ಲ.

ಅಂತ್ಯಕ್ರಿಯೆಯ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಊರಿನ ಹಿರಿಯರು ತೀರಿಕೊಂಡರೆಂದು ಸಂಘದ ಕಟ್ಟಡದ ಮೇಲಿನ ರಾಷ್ಟ್ರಧ್ವಜವನ್ನು ಅರ್ಧಕ್ಕೆ ಇಳಿಸುವವರಿದ್ದಾರೆ. ಸುಡುವುದಕ್ಕೆ ನಡುಗುವವರೇ ಇದನ್ನು ಧೈರ್ಯವಾಗಿ ಮಾಡುತ್ತಾರೆ! ಸರ್ಕಾರದ ಸೂಚನೆ ಇಲ್ಲದೆ ಧ್ವಜವನ್ನು ಅರ್ಧಕ್ಕೆ ಹಾರಿಸುವುದು ಕಾಯ್ದೆಯ ಪ್ರಕಾರ ಅಗೌರವ. ರಾಷ್ಟ್ರಪತಿ, ಉಪರಾಷ್ಟ್ರಪತಿ ಅಥವಾ ಪ್ರಧಾನಿ ನಿಧನರಾದರೆ ದೇಶಾದ್ಯಂತ, ಮುಖ್ಯಮಂತ್ರಿಯಾದರೆ ಆ ರಾಜ್ಯದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆ ದಿನ ಸ್ವಾತಂತ್ರ್ಯ ದಿನವೋ ಗಣರಾಜ್ಯ ದಿನವೋ ಗಾಂಧಿ ಜಯಂತಿಯೋ ಆಗಿದ್ದರೆ, ಪಾರ್ಥಿವ ಶರೀರ ಇರುವ ಕಟ್ಟಡವೊಂದನ್ನು ಬಿಟ್ಟು ಬೇರೆಲ್ಲೂ ಇಳಿಯುವುದಿಲ್ಲ.

ಇಳಿಸುವುದಕ್ಕೂ ಕ್ರಮವಿದೆ. ಹಗ್ಗ ಎಳೆದು ಅರ್ಧದಲ್ಲೇ ನಿಲ್ಲಿಸಿ ಕಟ್ಟಿಬಿಡುವುದಲ್ಲ. ಮೊದಲು ಧ್ವಜ ಸ್ತಂಭದ ತುದಿ ಮುಟ್ಟಬೇಕು, ಕ್ಷಣ ಹೊತ್ತು ಅಲ್ಲಿ ನಿಂತು ಆಮೇಲೆ ಅರ್ಧಕ್ಕೆ ಬರಬೇಕು. ಸಂಜೆ ಪೂರ್ತಿ ಇಳಿಸುವ ಮುನ್ನ ಮತ್ತೊಮ್ಮೆ ತುದಿಗೆ ಏರಿಸಬೇಕು. ನಿಮ್ಮ ಸಂಘದವರಿಗೆ ದುಃಖ ತೋರಿಸಲೇಬೇಕಿದ್ದರೆ ಕಪ್ಪು ಪಟ್ಟಿ ಕಟ್ಟಿಕೊಳ್ಳಲಿ, ಸಂಘದ್ದೇ ಬಾವುಟವಿದ್ದರೆ ಅದನ್ನು ಅರ್ಧಕ್ಕೆ ಇಳಿಸಲಿ. ತ್ರಿವರ್ಣಧ್ವಜದ ಹಗ್ಗವನ್ನು ಬಿಟ್ಟುಬಿಡಲಿ.