ಕಾಳು ತಡೆದು ರಸ ಬಿಡುವ ಚೀಲ

ಪಾತ್ರೆಯೊಳಗಿನ ಚೀಲವನ್ನು ರಾಟೆಗೆ ಕಟ್ಟಿ ಮೇಲೆತ್ತಿದಾಗ ಅದರ ಸುತ್ತಲಿನಿಂದಲೂ ಜೇನುಬಣ್ಣದ ರಸ ಮೊದಲು ಜಡಿಮಳೆಯಂತೆ ಸುರಿಯುತ್ತದೆ, ಐದಾರು ನಿಮಿಷ ಕಳೆಯುವಷ್ಟರಲ್ಲಿ ಚೀಲದ ತುದಿಯಲ್ಲಿ ಒಂದೇ ಧಾರೆಯಾಗುತ್ತದೆ, ಆಮೇಲೆ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಮೆಲ್ಬರ್ನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಬಾರ್ಲಿಯಿಂದ ಬಿಯರ್ ತಯಾರಿಸುವ ದಿನ ನಾನು ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ನೋಡುವುದು ಈ ಕೆಲವು ನಿಮಿಷಗಳನ್ನೇ. ಕಾಳನ್ನು ಎಷ್ಟು ನುಣ್ಣಗೆ ಒಡೆಯಲಾಗಿದೆ, ಬಟ್ಟೆಯ ನೇಯ್ಗೆ ಅದಕ್ಕೆ ಹೊಂದುತ್ತದೆಯೇ ಎಂಬುದು ಧಾರೆ ತೆಳುವಾಗುವ ರೀತಿಯಲ್ಲೇ ತಿಳಿದುಬಿಡುತ್ತದೆ.

ಮೊಳಕೆ ಕಟ್ಟಿದ ರಾಗಿಯಿಂದ ಮಾಲ್ಟ್ ಹಿಟ್ಟು ಮಾಡುವುದನ್ನು ಬಲ್ಲವರಿಗೆ ಬಿಯರ್ ತಯಾರಿಕೆಯ ಮೊದಲ ಹಂತ ತೀರಾ ಹೊಸದಲ್ಲ. ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಸಿದ್ಧವಾಗುತ್ತದೆ. ಮೊಳಕೆಯೊಡೆಯುವ ಹೊತ್ತಿಗೆ ಕಾಳಿನೊಳಗೆ ಅಮೈಲೇಸ್ ಕಿಣ್ವಗಳು ತುಂಬಿಕೊಂಡಿರುತ್ತವೆ. ಈ ಮಾಲ್ಟನ್ನು ಒಡೆದು, ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಈ ಕ್ರಿಯೆಗೆ ಮ್ಯಾಷ್ ಎಂದೂ, ಅದರಿಂದ ಬರುವ ಸಿಹಿ ರಸಕ್ಕೆ ವರ್ಟ್ ಎಂದೂ ಹೆಸರು. ವರ್ಟನ್ನು ಹಾಪ್ಸ್ ಹೂಗಳೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಸೇರಿಸಿ ಹುದುಗಲು ಬಿಟ್ಟರೆ ಬಿಯರ್ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಮಾಲ್ಟ್ ಪಾಕವನ್ನು ನೆಚ್ಚಿಕೊಳ್ಳದೆ ಕಾಳಿನಿಂದಲೇ ಆರಂಭಿಸುವವರಿಗೆ ಎದುರಾಗುವ ಕಷ್ಟದ ಕೆಲಸವೆಂದರೆ, ಗಂಜಿಯಂತಾದ ಕಾಳಿನಿಂದ ರಸವನ್ನು ಬೇರ್ಪಡಿಸುವುದು.

ಸಾಂಪ್ರದಾಯಿಕ ಕ್ರಮದಲ್ಲಿ ಇದಕ್ಕೆ ಎರಡು ಮೂರು ಪಾತ್ರೆಗಳು ಬೇಕಾಗುತ್ತವೆ. 2000ದ ದಶಕದ ಮಧ್ಯಭಾಗದಲ್ಲಿ ಆಸ್ಟ್ರೇಲಿಯಾದ ಹವ್ಯಾಸಿ ತಯಾರಕರು ಇದಕ್ಕೊಂದು ಸರಳ ದಾರಿಯನ್ನು ರೂಢಿಗೆ ತಂದರು: ಒಂದೇ ಪಾತ್ರೆ, ಅದರೊಳಗೆ ತೆಳು ಪರದೆ ಬಟ್ಟೆಯ ದೊಡ್ಡ ಚೀಲ, ಚೀಲದೊಳಗೆ ಕಾಳು, ಮೊದಲಿಗೇ ಅಳೆದು ಹಾಕಿದ ಪೂರ್ತಿ ನೀರು, ಗಂಟೆ ಕಳೆದ ಮೇಲೆ ಚೀಲವನ್ನು ಎತ್ತಿದರೆ ಪಾತ್ರೆಯಲ್ಲಿ ಉಳಿಯುವುದೇ ವರ್ಟ್. ಬ್ರೂ ಇನ್ ಎ ಬ್ಯಾಗ್ ಎಂಬ ಹೆಸರಿನಲ್ಲಿ ಈ ವಿಧಾನ ಇಂದು ಹಲವು ದೇಶಗಳಿಗೆ ಹಬ್ಬಿದೆ. ಆಸ್ಟ್ರೇಲಿಯಾದಲ್ಲಿ ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸಲು ಅಡ್ಡಿಯಿಲ್ಲ. ಕರ್ನಾಟಕದಲ್ಲಾದರೋ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ ಎಂಬುದನ್ನು ಅಲ್ಲಿನ ಓದುಗರು ನೆನಪಿನಲ್ಲಿಡಬೇಕು.

ಹಳೆಯ ಕ್ರಮದಲ್ಲಿ ಸೋಸುವ ಕೆಲಸವನ್ನು ಮಾಡುತ್ತಿದ್ದುದು ಬಾರ್ಲಿಯ ಹೊಟ್ಟೇ. ತೂತುತಳದ ಮೇಲೆ ಹೊಟ್ಟು ಪದರಪದರವಾಗಿ ಕೂತು ಒಂದು ಶೋಧಕ ಹಾಸಿಗೆಯಾಗುತ್ತಿತ್ತು, ರಸ ಅದರ ಸಂದಿಗಳಲ್ಲಿ ಇಳಿದು ತಿಳಿಯಾಗುತ್ತಿತ್ತು. ಹೊಟ್ಟು ನುಚ್ಚಾದರೆ ಹಾಸಿಗೆ ಕಟ್ಟಿಕೊಂಡು ಇಡೀ ಕೆಲಸ ನಿಂತೇ ಹೋಗುತ್ತಿತ್ತು. ಆದ್ದರಿಂದ ಕಾಳು ಒಡೆಯುವ ಯಂತ್ರದ ಉರುಳೆಗಳ ನಡುವೆ ಸುಮಾರು 1ರಿಂದ 1.2 ಮಿಲಿಮೀಟರ್ ಅಂತರ ಬಿಡುವುದು ಆ ಕ್ರಮದ ರೂಢಿ. ಚೀಲದ ವಿಧಾನದಲ್ಲಿ ಶೋಧಕವೆಂದರೆ ಬಟ್ಟೆ. ಹೊಟ್ಟನ್ನು ಕಾಪಾಡಬೇಕಾದ ಹೊಣೆ ಇಲ್ಲದಿರುವುದರಿಂದ ಅಂತರವನ್ನು 0.6ರಿಂದ 0.8 ಮಿಲಿಮೀಟರಿಗೆ ಇಳಿಸಬಹುದು, ಕಾಳು ಸಣ್ಣ ತರಿಯಾಗಿ ಒಡೆದಷ್ಟೂ ನೀರು ಬೇಗ ಒಳಹೊಕ್ಕು ಪಿಷ್ಟ ಬೇಗ ಕರಗುತ್ತದೆ. ಈ ಲಾಭ ದಕ್ಕಬೇಕಾದರೆ ಆ ತರಿಯನ್ನು ತಡೆಯುವ ಬಟ್ಟೆಯೂ ಇರಬೇಕು. ಚೀಲ ಮತ್ತು ತರಿ ಜೋಡಿಯಾಗಿಯೇ ಆಯ್ಕೆಯಾಗಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹಾಗಾದರೆ ಕಿಂಡಿ ಎಷ್ಟು ಸಣ್ಣದಿರಬೇಕು? ಸಣ್ಣದಾದಷ್ಟೂ ಒಳ್ಳೆಯದು ಎಂದು ಹೊಸಬರು ಭಾವಿಸುವುದು ಸಹಜ. ಆದರೆ ಬಾರ್ಲಿಯ ದೊಡ್ಡ ಪಿಷ್ಟಕಣದ ಅಡ್ಡಳತೆಯೇ 10ರಿಂದ 25 ಮೈಕ್ರಾನ್ ಮಾತ್ರ, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಅದನ್ನು ಯಾವ ಚೀಲವೂ ತಡೆಯಲಾರದು, ತಡೆಯಬೇಕಾಗಿಯೂ ಇಲ್ಲ, ಏಕೆಂದರೆ ಬಿಸಿನೀರಿನಲ್ಲಿ ಅದು ಉಬ್ಬಿ, ಕರಗಿ, ಸಕ್ಕರೆಯಾಗುವುದೇ ನಮಗೆ ಬೇಕಾದದ್ದು. ತಡೆಯಬೇಕಾದದ್ದು ಹೊಟ್ಟಿನ ಚೂರು ಮತ್ತು ದಪ್ಪ ತರಿ. 200ರಿಂದ 250 ಮೈಕ್ರಾನಿನ ಕಿಂಡಿ, ಅಂದರೆ ಸುಮಾರು ಮೂರು ತಲೆಗೂದಲುಗಳನ್ನು ಒತ್ತೊತ್ತಾಗಿ ಇಟ್ಟಷ್ಟು ಅಗಲ, ಈ ಕೆಲಸಕ್ಕೆ ಸಾಕು. ಅದಕ್ಕಿಂತ ನುಣುಪಾದ ಹಿಟ್ಟು ಒಂದಿಷ್ಟು ರಸದೊಡನೆ ಇಳಿಯುತ್ತದೆ, ಕುದಿಸಿ ತಣಿಸಿದ ಮೇಲೆ ಗಸಿಯಾಗಿ ತಳಕ್ಕೆ ಕೂರುತ್ತದೆ. ಬಣ್ಣ ಸೋಸಲು ಮಾರುವ ಚೀಲಗಳ ಕಿಂಡಿ ಇದಕ್ಕಿಂತ ದೊಡ್ಡದಿರುವುದುಂಟು. ದಪ್ಪವಾಗಿ ಒಡೆದ ಕಾಳಿಗೆ ಅವು ನಡೆದಾವು, ಸಣ್ಣ ತರಿಗೆ ಸಲ್ಲವು.

ಇಲ್ಲಿ ಅಂಗಡಿಯವರು ಬಳಸುವ ಮೆಷ್ ಸಂಖ್ಯೆಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಮೆಷ್ 70 ಎಂದರೆ ಒಂದು ಅಂಗುಲದಲ್ಲಿ 70 ಕಿಂಡಿಗಳಿವೆ ಎಂದಷ್ಟೇ ಅರ್ಥ. ಒಂದು ಅಂಗುಲಕ್ಕೆ 25,400 ಮೈಕ್ರಾನ್. ಅದನ್ನು 70ರಿಂದ ಭಾಗಿಸಿದರೆ ಒಂದು ಕಿಂಡಿ ಮತ್ತು ಅದರ ಪಕ್ಕದ ಎಳೆ ಎರಡೂ ಸೇರಿ 363 ಮೈಕ್ರಾನ್ ಆಗುತ್ತದೆ. ಎಳೆಯ ದಪ್ಪ 150 ಮೈಕ್ರಾನ್ ಇದ್ದರೆ ಕಿಂಡಿಗೆ ಉಳಿಯುವುದು 213, ಎಳೆ 100 ಇದ್ದರೆ 263. ಬಟ್ಟೆಯ ಒಟ್ಟು ಹರಹಿನಲ್ಲಿ ರಸ ಇಳಿಯಲು ತೆರೆದಿರುವ ಭಾಗವನ್ನು ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಅದು ಶೇಕಡಾ 34, ಎರಡನೆಯದರಲ್ಲಿ ಶೇಕಡಾ 52. ಒಂದೇ ಸಂಖ್ಯೆಯ ಎರಡು ಬಟ್ಟೆಗಳ ನಡುವೆ ಇಷ್ಟು ವ್ಯತ್ಯಾಸ! ಆದ್ದರಿಂದ ಮೆಷ್ ಸಂಖ್ಯೆಯನ್ನಲ್ಲ, ಮೈಕ್ರಾನಿನಲ್ಲಿ ಕಿಂಡಿಯ ಅಳತೆಯನ್ನು ಕೇಳಿ ಕೊಳ್ಳುವುದು ಲೇಸು. ಹೇಳದವರಿಂದ ಕೊಳ್ಳದಿರುವುದು ಇನ್ನೂ ಲೇಸು.

ರಸ ನಿಧಾನವಾಗಿ ಇಳಿದರೆ ತಪ್ಪು ಬಟ್ಟೆಯದೇ ಎಂದು ತೀರ್ಮಾನಿಸುವುದೂ ಸರಿಯಲ್ಲ. ಫ್ರಾನ್ಸಿನ ಎಂಜಿನಿಯರ್ ಆನ್ರಿ ಡಾರ್ಸಿ ದಿಜಾನ್ ನಗರದ ನೀರು ಸರಬರಾಜಿಗಾಗಿ ಮರಳಿನ ಕಂಬಗಳಲ್ಲಿ ನೀರು ಇಳಿಸಿ ನೋಡಿ 1856ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿಗೂ ಅನ್ವಯಿಸುತ್ತದೆ: ರಂಧ್ರಮಯ ವಸ್ತುವಿನ ಮೂಲಕ ಹರಿಯುವ ದ್ರವದ ಪ್ರಮಾಣ ಒತ್ತಡ ಮತ್ತು ವಿಸ್ತೀರ್ಣ ಹೆಚ್ಚಿದಂತೆ ಹೆಚ್ಚುತ್ತದೆ, ದಾಟಬೇಕಾದ ದಪ್ಪ ಹೆಚ್ಚಿದಂತೆ ಕುಗ್ಗುತ್ತದೆ. ಬಟ್ಟೆಯ ದಪ್ಪ ಮಿಲಿಮೀಟರಿನ ಒಂದು ಪಾಲು, ಕಾಳಿನ ರಾಶಿಯ ದಪ್ಪವಾದರೋ ಗೇಣುಗಟ್ಟಲೆ. ಹಾಗಾಗಿ ಹೆಚ್ಚಿನ ಅಡ್ಡಿ ರಾಶಿಯದ್ದೇ. ರಾಶಿಯ ಕಣಗಳ ಅಡ್ಡಳತೆ ಅರ್ಧಕ್ಕಿಳಿದರೆ ಹರಿವು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದನ್ನೂ ಇದರೊಡನೆ ಸೇರಿಸಿ ನೋಡಿದರೆ, ಕಾಳನ್ನು ಹಿಟ್ಟಾಗುವಷ್ಟು ಬೀಸಿಬಿಟ್ಟು ಚೀಲವನ್ನು ದೂರುವವರ ತಪ್ಪೇನೆಂದು ತಿಳಿಯುತ್ತದೆ. ಬಟ್ಟೆಯ ಕೊಡುಗೆ ದೊಡ್ಡದಾಗಿ ಕಾಣುವುದು ವಿಸ್ತೀರ್ಣದಲ್ಲಿ. 40 ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ 30 ಸೆಂಟಿಮೀಟರ್ ಎತ್ತರಕ್ಕೆ ಮ್ಯಾಷ್ ಇದ್ದಾಗ ತಳದ ವಿಸ್ತೀರ್ಣ ಸುಮಾರು 0.13 ಚದರ ಮೀಟರ್, ಸುತ್ತಲಿನ ಗೋಡೆಯದ್ದು 0.38, ತೂತುತಳದ ಪಾತ್ರೆಗೆ ತಳವೊಂದೇ ದಾರಿಯಾದರೆ ಚೀಲಕ್ಕೆ ಅದರ ನಾಲ್ಕು ಪಟ್ಟು ದಾರಿ. ಗೋಡೆ ಗಟ್ಟಿಯಾಗಿದ್ದು ತಳದಲ್ಲಿ ಮಾತ್ರ ಜಾಲರಿಯಿರುವ ಸ್ಟೀಲ್ ಬುಟ್ಟಿಗಳು ಬಾಳಿಕೆಯಲ್ಲಿ ಮೇಲಾದರೂ ಈ ಒಂದು ಗುಣದಲ್ಲಿ ಬಟ್ಟೆಗೆ ಸಮನಾಗವು.

ಇನ್ನು ನೂಲಿನ ಮಾತು. ರಾಗಿ ಹಾಲುಬಾಯಿ ಮಾಡಿದವರಿಗೆ ನೆನಪಿರಬಹುದು: ರುಬ್ಬಿದ ರಾಗಿಯನ್ನು ಹಳೆಯ ಪಂಚೆಯ ತುಂಡಿಗೆ ಸುರಿದರೆ ಮೊದಲೆರಡು ಸೌಟು ಹಾಲು ಸರಾಗವಾಗಿ ಇಳಿಯುತ್ತದೆ, ಆಮೇಲೆ ಬಟ್ಟೆ ಬಿಗಿದುಕೊಂಡು ಕೈಯಲ್ಲಿ ಹಿಂಡದೆ ಗತಿಯಿರುವುದಿಲ್ಲ. ಹತ್ತಿಯ ಎಳೆ ನೀರು ಕುಡಿದು ಉಬ್ಬುತ್ತದೆ, ಉಬ್ಬಿದಾಗ ಕಿಂಡಿ ಕಿರಿದಾಗುತ್ತದೆ. ಸಾಮಾನ್ಯ ಹವೆಯಲ್ಲೇ ಹತ್ತಿ ತನ್ನ ತೂಕದ ಶೇಕಡಾ 8.5ರಷ್ಟು ತೇವ ಹಿಡಿದಿರುತ್ತದೆ, ನೈಲಾನ್ ಶೇಕಡಾ 4ರಷ್ಟು, ಪಾಲಿಯೆಸ್ಟರ್ ಶೇಕಡಾ 0.4 ಮಾತ್ರ. ಮಲ್ ಬಟ್ಟೆಯ ಚೀಲ ರಸವನ್ನೂ ಹೀರುತ್ತದೆ, ಒಣಗಲು ತಡವಾಗಿ ಬೂಷ್ಟು ಹಿಡಿಯುತ್ತದೆ. ನೈಲಾನ್ ಒದ್ದೆಯಾದಾಗ ತುಸು ಬಲಗುಂದಿ ಹೆಚ್ಚು ಹಿಗ್ಗುತ್ತದೆ, ಹಿಗ್ಗಿದಲ್ಲಿ ಕಿಂಡಿಗಳ ಆಕಾರ ಕೆಡುತ್ತದೆ. ಪಾಲಿಯೆಸ್ಟರ್ ಒದ್ದೆಯಾದರೂ ಒಣಗಿದ್ದರೂ ಒಂದೇ ಅಳತೆಯಲ್ಲಿ ಇರುತ್ತದೆ. ನನ್ನ ಆಯ್ಕೆ ನಿಸ್ಸಂಶಯವಾಗಿ ಅದೇ. ಹಲವು ಸೂಕ್ಷ್ಮ ಎಳೆಗಳನ್ನು ಹೊಸೆದ ನೂಲಿಗಿಂತ ಒಂಟಿ ಎಳೆಯ ನೇಯ್ಗೆ ಸಿಕ್ಕರೆ ಇನ್ನೂ ಉತ್ತಮ, ಏಕೆಂದರೆ ಹೊಟ್ಟಿನ ಸೂಜಿಯಂಥ ಚೂರುಗಳು ಸಿಕ್ಕಿಕೊಳ್ಳಲು ಅದರಲ್ಲಿ ಸಂದಿಗಳಿರುವುದಿಲ್ಲ. ಪರದೆ ಬಟ್ಟೆಯನ್ನೇ ತಂದು ಹೊಲಿಸುವವರು ಬಣ್ಣ ಹಾಕದ, ಬೆಂಕಿ ನಿರೋಧಕ ಲೇಪವಿಲ್ಲದ ಬಿಳಿ ಬಟ್ಟೆಯನ್ನೇ ಆರಿಸಬೇಕು.

ಚೀಲದ ಅಳತೆಯ ವಿಷಯದಲ್ಲಿ ನಾನು ಪಾಠ ಕಲಿತದ್ದು ನಷ್ಟದಿಂದ. ಮೊದಲ ಸಲ ಅಂಗಡಿಯೊಂದರಿಂದ ತಂದ ಸಿದ್ಧ ಚೀಲ ನನ್ನ 50 ಲೀಟರಿನ ಪಾತ್ರೆಗೆ ಕಿರಿದಾಗಿತ್ತು; ಕಾಳು ಅದರೊಳಗೆ ಮುದ್ದೆಗಟ್ಟಿ, ನಡುವಿನ ಭಾಗಕ್ಕೆ ಬಿಸಿನೀರು ಸರಿಯಾಗಿ ತಲುಪದೆ ಉಳಿಯಿತು, ಎತ್ತುವಾಗ ತಳದ ಹೊಲಿಗೆ ಒಂದು ಗೇಣು ಬಿಚ್ಚಿಕೊಂಡು ಹೊಟ್ಟೂ ತರಿಯೂ ಒಟ್ಟಿಗೆ ರಸಕ್ಕೆ ಸುರಿದವು. ಚೀಲ ಪಾತ್ರೆಯೊಳಗಿನ ಇನ್ನೊಂದು ಚೀಲದಂತೆ ಇರಬಾರದು, ಪಾತ್ರೆಯ ಒಳಮೈಗೆ ಹೊದಿಸಿದ ಅಸ್ತರಿನಂತೆ ಇರಬೇಕು. 40 ಸೆಂಟಿಮೀಟರ್ ಅಗಲದ ಪಾತ್ರೆಯ ಸುತ್ತಳತೆ 126 ಸೆಂಟಿಮೀಟರ್. ಆದ್ದರಿಂದ ಮಡಿಸಿಟ್ಟ ಚೀಲದ ಅಗಲ 63 ಸೆಂಟಿಮೀಟರಿಗೆ ಕಡಿಮೆಯಾಗಬಾರದು, ಉದ್ದ ಪಾತ್ರೆಯ ಅಂಚನ್ನು ದಾಟಿ ಹೊರಗೆ ಮಡಚುವಷ್ಟು ಇರಬೇಕು.

ಹೊಲಿಗೆಯ ಮೇಲೆ ಬೀಳುವ ಭಾರವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. 5 ಕಿಲೋ ಮಾಲ್ಟು, 30 ಲೀಟರ್ ನೀರು ಹಾಕಿದರೆ, ರಸ ಇಳಿದು ಹೋದ ಮೇಲೂ ಚೀಲದಲ್ಲಿ 9 ಕಿಲೋದಷ್ಟು ಉಳಿದಿರುತ್ತದೆ; ಎತ್ತಿದ ಮೊದಲ ಕ್ಷಣದಲ್ಲಂತೂ ಅದಕ್ಕಿಂತ ಬಹಳ ಹೆಚ್ಚು. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿಯ ಮೇಲಾದರೂ ಅದು ಮೃದುವಾಗಲು ಆರಂಭಿಸುವುದು 70ರಿಂದ 80 ಡಿಗ್ರಿಯ ಆಸುಪಾಸಿನಲ್ಲೇ, ಅಂದರೆ ನಾವು ಚೀಲ ಎತ್ತುವ ಬಿಸಿಗೆ ತೀರಾ ಹತ್ತಿರ. ಹೀಗಾಗಿ ಭಾರವನ್ನು ಬಟ್ಟೆಗೆ ಹೊರಿಸದೆ, ತಳದಡಿಯಿಂದ ಹಾದುಬರುವ ಗಟ್ಟಿ ಪಟ್ಟಿಗಳಿಗೆ ಹೊರಿಸಿದ ಚೀಲವೇ ಬಾಳುತ್ತದೆ. ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ ಎರಡು ಸಲ ಹೊಲಿದಿರಬೇಕು, ದಾರವೂ ಪಾಲಿಯೆಸ್ಟರಿನದೇ ಆಗಿರಬೇಕು.

ಕರಗುವ ಅಪಾಯವೂ ಇಲ್ಲದಿಲ್ಲ. ಒಲೆ ಉರಿಯುತ್ತಿರುವಾಗ ಚೀಲದ ಮಡಿಕೆ ಪಾತ್ರೆಯ ತಳಕ್ಕೆ ಅಂಟಿ ನಡುವೆ ನೀರಿಲ್ಲದಂತಾದರೆ ಆ ಜಾಗದ ಬಿಸಿ ಕುದಿಬಿಂದುವನ್ನು ದಾಟಿ ಏರುತ್ತದೆ, ಕಾಳು ಸೀಯುತ್ತದೆ, ಬಟ್ಟೆಯಲ್ಲಿ ತೂತು ಬೀಳುತ್ತದೆ. ಇಡ್ಲಿ ಪಾತ್ರೆಯ ತೂತುತಟ್ಟೆಯಂಥ ಸ್ಟೀಲ್ ತಟ್ಟೆಯೊಂದನ್ನು ತಳದಲ್ಲಿಟ್ಟರೆ ಈ ಭಯವಿಲ್ಲ; ಇಲ್ಲವೇ ಒಲೆ ಉರಿಯುವಷ್ಟೂ ಹೊತ್ತು ಚೀಲವನ್ನು ತುಸು ಎತ್ತಿ ಹಿಡಿಯಬೇಕು.

ಚೀಲವನ್ನು ಹಿಂಡಬಹುದೇ ಎಂಬುದು ಹಳೆಯ ಚರ್ಚೆ. ಹಿಂಡಿದರೆ ಹೊಟ್ಟಿನ ಟ್ಯಾನಿನ್ ಇಳಿದು ಬಿಯರ್ ಒಗರಾಗುತ್ತದೆ ಎಂಬ ನಂಬಿಕೆಗೆ ನನ್ನ ಒಪ್ಪಿಗೆಯಿಲ್ಲ. ಟ್ಯಾನಿನ್ ಇಳಿಯುವುದು ನೀರಿನ ಪಿಎಚ್ 6ರ ಆಸುಪಾಸು ದಾಟಿ, ಬಿಸಿಯೂ 77 ಡಿಗ್ರಿಯನ್ನು ಮೀರಿದಾಗ. ಕೈಯ ಒತ್ತಡ ಅದಕ್ಕೆ ಕಾರಣವಲ್ಲ. ಸರಿಯಾದ ಮ್ಯಾಷ್‌ನ ಪಿಎಚ್ 5.2ರಿಂದ 5.6ರ ನಡುವೆ ಇರುವುದರಿಂದ ದಪ್ಪ ಕೈಗವಸು ತೊಟ್ಟು ಧೈರ್ಯವಾಗಿ ಹಿಂಡಬಹುದು. ಸುಮ್ಮನೆ ತೊಟ್ಟಿಕ್ಕಲು ಬಿಟ್ಟರೆ ಕಿಲೋ ಕಾಳಿಗೆ ಸುಮಾರು ಒಂದು ಲೀಟರ್ ಉಳಿದುಕೊಳ್ಳುತ್ತದೆ, ಹಿಂಡಿದರೆ ಅರ್ಧ ಲೀಟರಿಗೆ ಇಳಿಯುತ್ತದೆ. 5 ಕಿಲೋ ಕಾಳಿನಲ್ಲಿ ಎರಡೂವರೆ ಲೀಟರ್ ವರ್ಟ್ ಕೈಗೆ ಸಿಗುವುದು ಸಣ್ಣ ಮಾತಲ್ಲ. ಗೋಧಿ, ರೈ, ಓಟ್ಸ್ ಹೆಚ್ಚಾಗಿ ಬೆರೆಸಿದಾಗ ಮಾತ್ರ ಅಂಟು ಹೆಚ್ಚಿ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಅಂಥ ದಿನ ತರಿಯನ್ನು ತುಸು ದಪ್ಪಗೆ ಬಿಡುವುದು ಚೀಲ ಬದಲಿಸುವುದಕ್ಕಿಂತ ಸುಲಭ.

ಕೆಲಸ ಮುಗಿದ ಕೂಡಲೇ, ಚರಟ ಒಣಗುವ ಮೊದಲೇ, ಚೀಲವನ್ನು ಒಳಗು ಹೊರಗು ಮಾಡಿ ನಲ್ಲಿ ನೀರಿನಲ್ಲಿ ಜಾಲಿಸಬೇಕು. ಸುವಾಸನೆಯ ಸಾಬೂನು ಬೇಡ, ಅದರ ವಾಸನೆ ಮುಂದಿನ ಬಿಯರಿಗೆ ಇಳಿಯುತ್ತದೆ. ಒಣಗಿದ ಚೀಲವನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ರೂಢಿ: ಮುಚ್ಚಿಕೊಂಡ ಕಿಂಡಿಗಳು ಮಸುಕಾದ ಚುಕ್ಕೆಗಳಾಗಿ ಕಾಣುತ್ತವೆ, ಪಟ್ಟಿಗಳ ಬುಡದಲ್ಲಿ ಹಾಸು ಹೊಕ್ಕಿನ ಎಳೆಗಳು ಸರಿದಿದ್ದರೆ ಅಲ್ಲಿ ಉದ್ದುದ್ದ ಸೀಳುಗಳು ಬೆಳಗುತ್ತವೆ. ಚುಕ್ಕೆಗಳಿದ್ದರೆ ಇನ್ನೊಮ್ಮೆ ಬಿಸಿನೀರಿನಲ್ಲಿ ನೆನೆಹಾಕುತ್ತೇನೆ. ಸೀಳುಗಳು ಕಂಡ ದಿನ ಹೊಸ ಬಟ್ಟೆಗೆ ಅಳತೆ ತೆಗೆಯುತ್ತೇನೆ.