ಬಟ್ಟೆ ಬ್ರ್ಯಾಂಡುಗಳ ನೈತಿಕತೆಯನ್ನು ಅಳೆಯುವುದು ಹೇಗೆ: ಅಧ್ಯಯನ ಟಿಪ್ಪಣಿ

ಒಂದು ಬ್ರ್ಯಾಂಡು ನೈತಿಕವೇ, ಸುಸ್ಥಿರವೇ ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ದಕ್ಕುವುದಿಲ್ಲ. ಹತ್ತಿ ಬೆಳೆಯುವಲ್ಲಿಂದ ನೂಲುವುದು, ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು ಎಂಬ ಹಂತಗಳಲ್ಲಿ ಅದರ ಹೇಳಿಕೆ ಯಾವುದಕ್ಕೆ ಅನ್ವಯಿಸುತ್ತದೆ, ಯಾವುದರ ಬಗ್ಗೆ ಸುಮ್ಮನಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು.

ಪ್ರಮಾಣಪತ್ರಗಳನ್ನೂ ಹೀಗೆಯೇ ಓದಬೇಕು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬುದು ಬಟ್ಟೆಯಲ್ಲಿ ಹಾನಿಕಾರಕ ರಾಸಾಯನಿಕಗಳು ಮಿತಿಯೊಳಗಿವೆಯೇ ಎಂದಷ್ಟೇ ನೋಡುತ್ತದೆ; ಹೊಲಿದವಳ ಸಂಬಳ ಅದರ ವ್ಯಾಪ್ತಿಗೆ ಬರುವುದಿಲ್ಲ. ಸಾವಯವ ಬಟ್ಟೆಗಳ ಜಾಗತಿಕ ಮಾನದಂಡವಾದ ಜಿಓಟಿಎಸ್ ಇದಕ್ಕಿಂತ ವಿಶಾಲವಾದದ್ದು: ಕನಿಷ್ಠ ಶೇ. 95ರಷ್ಟು ಸಾವಯವ ನಾರಿದ್ದರೆ ‘ಆರ್ಗ್ಯಾನಿಕ್’ ದರ್ಜೆ, ಕನಿಷ್ಠ ಶೇ. 70ರಷ್ಟಿದ್ದರೆ ಅದರ ಕೆಳಗಿನ ದರ್ಜೆ. ಜೊತೆಗೆ ತ್ಯಾಜ್ಯನೀರು ಮತ್ತು ಕಾರ್ಮಿಕರ ಸ್ಥಿತಿಗತಿಗೂ ಅದರಲ್ಲಿ ನಿಯಮಗಳಿವೆ. ಅದರ ಚೀಟಿಯಲ್ಲಿ ದರ್ಜೆ, ಪ್ರಮಾಣೀಕರಿಸಿದ ಸಂಸ್ಥೆ, ಪರವಾನಗಿ ಸಂಖ್ಯೆ ಮೂರೂ ಇರುತ್ತವೆ. ಆ ಸಂಖ್ಯೆಯನ್ನು ಜಿಓಟಿಎಸ್‌ನ ಸಾರ್ವಜನಿಕ ದತ್ತಸಂಚಯದಲ್ಲಿ ಹುಡುಕಿದರೆ ಕೆಲವೊಮ್ಮೆ ಬ್ರ್ಯಾಂಡಿನ ಬದಲು ಬಟ್ಟೆ ತಯಾರಿಸಿದ ಕಂಪನಿಯ ಹೆಸರೇ ಸಿಗುತ್ತದೆ. ಜಾಹೀರಾತು ಹೇಳದ ಸಂಗತಿ ಅದು. ಇನ್ನು ಯಾವ ಸಂಸ್ಥೆಯ ಹೆಸರೂ ಇಲ್ಲದ ‘ಇಕೋ’, ‘ಕಾನ್ಷಿಯಸ್’ ಮುಂತಾದ ಪದಗಳ ಮೇಲೆ ಸಮಯ ಕಳೆಯಬೇಕಾಗಿಲ್ಲ.

ಕಾರ್ಖಾನೆಯ ತಪಾಸಣೆ ನಡೆದಿದೆ ಎಂಬ ಮಾತನ್ನು ಮಾತ್ರ ಎಚ್ಚರದಿಂದ ತೂಗಬೇಕು. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಹಿಂದೆ ಅದಕ್ಕೆ ಎಸ್‌ಎ 8000 ಎಂಬ, ತಪಾಸಣೆಯ ಮೇಲೆ ಕೊಡುವ ಕಾರ್ಮಿಕ ಸ್ಥಿತಿಗತಿಯ ಪ್ರಮಾಣಪತ್ರ ಸಿಕ್ಕಿತ್ತು. ಮರುವರ್ಷ ಢಾಕಾ ಬಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಬಂದ ಬಾಂಗ್ಲಾದೇಶ ಅಕಾರ್ಡ್‌ನ ಬೆಲೆ ಇರುವುದು ಇಲ್ಲಿಯೇ: ಅದರಲ್ಲಿ ಬ್ರ್ಯಾಂಡುಗಳು ಕಾರ್ಮಿಕ ಸಂಘಗಳೊಂದಿಗೆ, ಕಾರ್ಖಾನೆ ಸುರಕ್ಷತೆಯ ಬಗ್ಗೆ ಕಾನೂನಿನ ಪ್ರಕಾರ ಬದ್ಧರಾಗಿರಬೇಕಾದ ಒಪ್ಪಂದಕ್ಕೆ ಸಹಿ ಹಾಕಿದವು. ಸ್ವಯಂಪ್ರೇರಿತ ನೀತಿಸಂಹಿತೆಗಿಂತ ಇಂಥ ಸಹಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.

‘ಕಾನೂನಿನಂತೆ ಸಂಬಳ ಕೊಡುತ್ತೇವೆ’ ಎಂದರೆ ಕನಿಷ್ಠ ವೇತನ ಎಂದರ್ಥ. ಮನೆ ಬಾಡಿಗೆ, ಊಟ, ಮಕ್ಕಳ ಓದು ಎಲ್ಲವೂ ನಡೆದು ನಾಲ್ಕು ಕಾಸು ಉಳಿಯುವ ಜೀವನ ವೇತನವೇ ಬೇರೆ. ಪಿಎಫ್ ಹಣ ಪೂರ್ತಿ ತೆಗೆಯುವುದಕ್ಕೆ ಕೇಂದ್ರ ತಡೆಯೊಡ್ಡಿದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗೆ ಇಳಿದರು. ಸರ್ಕಾರ ಆದೇಶವನ್ನು ಹಿಂಪಡೆಯಿತು. ಪಿಎಫ್ ಬಿಟ್ಟರೆ ಬೇರೆ ಉಳಿತಾಯವಿಲ್ಲದವರ ಆತಂಕ ಅದು. ಸಂಬಳ ಎಷ್ಟು ಬಿಗಿಯಾಗಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಕಡೆಯದಾಗಿ, ಬ್ರ್ಯಾಂಡು ಪ್ರಕಟಿಸಿದ ಪೂರೈಕೆದಾರರ ಪಟ್ಟಿ ಹೊಲಿಗೆ ಘಟಕಕ್ಕೇ ನಿಲ್ಲುತ್ತದೆಯೋ, ಬಣ್ಣದ ಘಟಕದವರೆಗೂ ಹೋಗುತ್ತದೆಯೋ ನೋಡಬೇಕು. ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟದ್ದು ಬಣ್ಣದ ಘಟಕಗಳ ನೀರಿನಿಂದ. 2011ರಲ್ಲಿ ಮದ್ರಾಸ್ ಹೈಕೋರ್ಟ್ ಮುಚ್ಚಿಸಲು ಹೇಳಿದ್ದೂ ಅವನ್ನೇ. ಹೊಲಿಗೆ ಘಟಕದ ಹೆಸರಷ್ಟೇ ಇರುವ ಪಟ್ಟಿಯಿಂದ ನೀರಿನ ವಿಷಯದಲ್ಲಿ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ.