ಓದುಗರ ಪ್ರಶ್ನೆ: ‘ಕಾಂತಿನಾ’ ಅಂದ್ರೆ ಬಾರಾ, ಕ್ಯಾಂಟೀನಾ?

ಸ್ಪ್ಯಾನಿಷ್ ಕಲಿಯಲು ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಕಾಂತಿನಾ ಅಂದ್ರೆ ಕುಡಿಯುವ ಜಾಗ ಅಂತ ಓದಿದ್ದೇವೆ. ಸ್ಪೇನ್‌ಗೆ ಹೋಗಿ ಕಾಂತಿನಾ ಎಲ್ಲಿದೆ ಅಂತ ಕೇಳಿದರೆ ಬಾರ್ ತೋರಿಸ್ತಾರಾ?”

ಸಾಮಾನ್ಯವಾಗಿ ಇಲ್ಲ. ಅಲ್ಲಿ ಕಾಂತಿನಾ ಅಂದರೆ ರೈಲ್ವೆ ಸ್ಟೇಷನ್, ಕಾಲೇಜು, ಸೈನಿಕರ ಬ್ಯಾರಕ್ ಇಂಥ ಕಡೆ ಕಾಫಿ, ತಿಂಡಿ ಸಿಗುವ ಜಾಗ. ನಮ್ಮ ಕ್ಯಾಂಟೀನ್ ಕೂಡ ಇದರ ನೆಂಟನೇ. ಎರಡರ ಬೇರೂ ಇಟಲಿಯಲ್ಲಿದೆ, ಅಲ್ಲಿ ಇವತ್ತಿಗೂ ಕಾಂತಿನಾ ಅಂದರೆ ವೈನ್ ಇಡುವ ನೆಲಮಾಳಿಗೆ.

ಸ್ಪೇನ್‌ನಲ್ಲಿ ಕುಡಿಯಬೇಕಾದರೆ ‘ಬಾರ್’ ಅಂತಲೇ ಕೇಳಿ. ಆದರೆ ನಮ್ಮೂರ ಬಾರ್ ಮನಸ್ಸಲ್ಲಿ ಇಟ್ಟುಕೊಂಡು ಹೋಗಬೇಡಿ. ಬೆಳಗ್ಗೆ ಕಾಫಿ ಜೊತೆ ಟೊಮ್ಯಾಟೊ ಹಚ್ಚಿದ ಬ್ರೆಡ್ ತಿನ್ನಲು ಅಜ್ಜಿಯರೂ ಬಂದು ಕೂರುತ್ತಾರೆ, ಸಂಜೆ ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ವೈನ್ ಕುಡಿಯುವ ಹಳೇ ಕಾಲದ ಜಾಗಕ್ಕೆ ತಾಬೆರ್ನಾ ಅನ್ನುತ್ತಾರೆ. ಬೋದೆಗಾ ಅಂದರೆ ಮುಖ್ಯವಾಗಿ ವೈನ್ ಮಾಡಿ ಇಡುವ ಜಾಗ, ನ್ಯೂಯಾರ್ಕ್‌ನಲ್ಲಾದರೆ ಅದು ಬೀದಿ ಮೂಲೆಯ ಕಿರಾಣಿ ಅಂಗಡಿ.

ನೀವು ಓದಿದ ಕಾಂತಿನಾ ಇರುವುದು ಮೆಕ್ಸಿಕೋದಲ್ಲಿ. ಅಲ್ಲಿ ಅದು ಸುಮ್ನೆ ಕುಡಿದು ಎದ್ದು ಹೋಗುವ ಜಾಗ ಅಲ್ಲ, ಮಧ್ಯಾಹ್ನ ಹೋಗಿ ಸಂಜೆವರೆಗೂ ಕೂತು, ಟೇಬಲ್ ಮೇಲೆ ಡಾಮಿನೋ ಬಿಲ್ಲೆಗಳನ್ನು ಟಕ್ ಟಕ್ ಅಂತ ಬಡಿಯುತ್ತಾ ಹರಟುವ ಜಾಗ. ಅದರ ಜೀವಾಳ ಬೊತಾನಾ, ಅಂದರೆ ಕುಡಿತದ ಜೊತೆ ಬರುವ ತಿನಿಸು. ಹಳೇ ಪದ್ಧತಿಯ ಕಾಂತಿನಾಗಳಲ್ಲಿ ಅದಕ್ಕೆ ಬೇರೆ ದುಡ್ಡಿಲ್ಲ. ಮೊದಲು ಒಂದು ಪುಟ್ಟ ಲೋಟದಲ್ಲಿ ಖಾರ ಖಾರವಾದ ಬಿಸಿ ಸಿಗಡಿ ಸಾರು ಬರಬಹುದು, ಆಮೇಲೆ ಒಂದೊಂದು ಸುತ್ತಿಗೂ ಒಂದೊಂದು ತಟ್ಟೆ, ಕೊನೆಗೆ ನೋಡಿದರೆ ಅದೇ ಊಟ ಆಗಿರುತ್ತದೆ!

ಹಾಗಂತ ಇದು ಎಲ್ಲರ ಜಾಗ ಆಗಿರಲಿಲ್ಲ. ಹೆಂಗಸರು, ಮಕ್ಕಳು, ಸಮವಸ್ತ್ರದಲ್ಲಿರುವವರು ಒಳಗೆ ಬರುವಂತಿಲ್ಲ ಅಂತ ಬಾಗಿಲಲ್ಲೇ ಬೋರ್ಡ್ ಇರುತ್ತಿತ್ತು. ಮೆಕ್ಸಿಕೋ ಸಿಟಿಯಲ್ಲಿ ಹೆಂಗಸರಿಗೆ ಬಾಗಿಲು ತೆರೆದದ್ದು 1980ರ ದಶಕದ ಶುರುವಿನಲ್ಲಿ, ಅಂದರೆ ತೀರಾ ಇತ್ತೀಚೆಗೆ. ಇದನ್ನು ಬಿಟ್ಟು ಕಾಂತಿನಾವನ್ನು ಬರೀ ಹೊಗಳುವುದು ಸರಿಯಲ್ಲ ಅಂತ ನನಗನ್ನಿಸುತ್ತದೆ.

ಮೆಕ್ಸಿಕೋ ಸಿಟಿಗೆ ಹೋದರೆ ಲಾ ಓಪೆರಾ ಅನ್ನುವ ಕಾಂತಿನಾ ನೋಡಿ. ಅದರ ಚಾವಣಿಯಲ್ಲಿ ಒಂದು ತೂತು ಇದೆ, ಕ್ರಾಂತಿಕಾರಿ ಪಾಂಚೋ ವಿಯಾ ಹಾರಿಸಿದ ಗುಂಡಿನದು ಅಂತ ತೋರಿಸುತ್ತಾರೆ. ಊರಿನ ಮೊದಲ ಕಾಂತಿನಾ ಪರವಾನಗಿ ತನ್ನದೇ ಅಂತ ಹೆಸರಾಗಿದ್ದ ಎಲ್ ನಿವೆಲ್ ಮಾತ್ರ 2008ರಲ್ಲೇ ಮುಚ್ಚಿತು, ಅದು ನಿಜಕ್ಕೂ ದೊಡ್ಡ ನಷ್ಟ.

ಇನ್ನೊಂದು ವಿಷಯ. ಕತ್ತಾಳೆ ಜಾತಿಯ ಗಿಡದ ರಸ ಹುಳಿ ಬರಿಸಿ ಮಾಡುವ ಪುಲ್ಕೆ ಕುಡಿಯಬೇಕು ಅಂದರೆ ಕಾಂತಿನಾ ಅಲ್ಲ, ಪುಲ್ಕೆರಿಯಾ ಹುಡುಕಿ. ಕಾಂತಿನಾದಲ್ಲಿ ಕೂತಾಗ ಆರ್ಡರ್ ಮಾಡುವ ಮೊದಲೇ “ಆಯ್ ಬೊತಾನಾ?” ಅಂತ ಕೇಳಿ. ಬೊತಾನಾ ಇದೆಯಾ ಅಂತ ಅದರ ಅರ್ಥ. ಎಷ್ಟು ಗ್ಲಾಸ್ ತಗೊಂಡರೆ ಏನು ಕೊಡುತ್ತಾರೆ ಅಂತ ಅವರೇ ಹೇಳುತ್ತಾರೆ.